ಸ್ಕ್ರೂ ಹಿಡಿಯದ ಕ್ಯಾಬಿನೆಟ್: ದೋಷ ಪತ್ತೆ ಮತ್ತು ನಿವಾರಣೆ

ಅಡುಗೆಮನೆಯ ಕ್ಯಾಬಿನೆಟ್ಟಿನ ಬಾಗಿಲು ಜೋತುಬಿದ್ದಾಗ, ವಾರ್ಡ್‌ರೋಬಿನ ಅಡ್ಡಹಲಗೆ ಬದಿಯಿಂದ ಬಿಟ್ಟುಕೊಂಡಾಗ, ಡ್ರಾಯರ್ ಅರ್ಧಕ್ಕೇ ನಿಂತಾಗ ಹೆಚ್ಚಿನ ಮನೆಗಳಲ್ಲಿ ಮಾಡುವುದು ಒಂದೇ ಕೆಲಸ: ಇದ್ದ ಸ್ಕ್ರೂ ಕಳಚಿ, ಅದೇ ತೂತಿಗೆ ಇನ್ನೂ ದಪ್ಪದ ಸ್ಕ್ರೂ ಹಾಕಿ ಬಿಗಿ ಮಾಡುವುದು. ಅದು ಸ್ವಲ್ಪ ಕಾಲ ನಿಂತು, ಆಮೇಲೆ ಮೊದಲಿಗಿಂತ ದೊಡ್ಡ ತೂತು ಮಾಡಿಕೊಂಡು ಈಚೆ ಬರುತ್ತದೆ. ತುಮಕೂರು ನಗರದಲ್ಲಾಗಲಿ, ಗುಬ್ಬಿ, ತಿಪಟೂರು, ಶಿರಾ ಕಡೆಯ ಮನೆಗಳಲ್ಲಾಗಲಿ ಈಗ ಪ್ಲೈವುಡ್, ಪಾರ್ಟಿಕಲ್ ಬೋರ್ಡ್ (ಮರದ ಚೂರುಗಳನ್ನು ಅಂಟಿನೊಡನೆ ಒತ್ತಿ ಮಾಡಿದ ಹಲಗೆ), ಎಂಡಿಎಫ್ (ಮರದ ನುಣ್ಣನೆಯ ನಾರನ್ನು ಹಾಗೆಯೇ ಒತ್ತಿ ಮಾಡಿದ ಹಲಗೆ) ಮತ್ತು ಸಾಮಿಲ್ಲಿನಲ್ಲಿ ಕುಯ್ಯಿಸಿ ತಂದ ಊರಿನ ಮರ ಒಂದೇ ಅಡುಗೆಮನೆಯೊಳಗೆ ಸೇರಿಕೊಂಡಿರುವುದುಂಟು; ಆದರೆ ಎಲ್ಲದಕ್ಕೂ ಹಾಕಿರುವುದು ಒಂದೇ ಬಗೆಯ ಕಪ್ಪು ಸ್ಕ್ರೂ. ನಾನು ನೋಡಿರುವ ಮಟ್ಟಿಗೆ ದೋಷದ ಬೇರು ಬಹುಪಾಲು ಇಲ್ಲೇ ಇರುತ್ತದೆ. ಸ್ಕ್ರೂ ಆರಿಸಬೇಕಾದದ್ದು ಅದು ಕಚ್ಚಬೇಕಾದ ಹಲಗೆಯನ್ನು ನೋಡಿ, ಆ ಹಲಗೆಯ ಮುಖಕ್ಕೆ ಇಳಿಯುತ್ತದೆಯೋ ಅಂಚಿಗೆ ಇಳಿಯುತ್ತದೆಯೋ ಎಂಬುದನ್ನು ನೋಡಿ. ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಕಳಚಿದ ಸ್ಕ್ರೂವನ್ನೂ ಅದು ಬಿಟ್ಟ ತೂತನ್ನೂ ಸಾವಧಾನವಾಗಿ ಪರೀಕ್ಷಿಸಬೇಕು.

ಕಳಚುವಾಗಲೇ ಗಮನಿಸಬೇಕಾದ ಗುರುತುಗಳು

ಮೊದಲು ಕ್ಯಾಬಿನೆಟ್ಟಿನೊಳಗಿನ ಪಾತ್ರೆ, ಡಬ್ಬಿಗಳನ್ನು ತೆಗೆದು ಭಾರ ಇಳಿಸಿ. ಬ್ಯಾಟರಿ ಡ್ರಿಲ್ಲನ್ನು ಬದಿಗಿಟ್ಟು ಕೈ ಸ್ಕ್ರೂಡ್ರೈವರಿನಿಂದಲೇ ಕಳಚಬೇಕು. ಏಕೆಂದರೆ ಸ್ಕ್ರೂ ಎಷ್ಟು ಬಿಗಿಯಾಗಿದೆ, ಎಲ್ಲಿಂದ ಸಡಿಲವಾಗುತ್ತದೆ ಎಂಬುದು ಕೈಗೆ ತಿಳಿಯುವಷ್ಟು ಯಂತ್ರಕ್ಕೆ ತಿಳಿಯುವುದಿಲ್ಲ. ಎಷ್ಟು ತಿರುಗಿಸಿದರೂ ಹೊರಗೆ ಬಾರದೆ ಅಲ್ಲೇ ಸುತ್ತುತ್ತಿದ್ದರೆ ತೂತಿನೊಳಗಿನ ಹಿಡಿತ ಕಳಚಿದೆ ಎಂದರ್ಥ. ಹೊರಬಂದ ಮೇಲೆ ಥ್ರೆಡ್‌ಗಳ, ಅಂದರೆ ಸ್ಕ್ರೂವಿನ ಮೈಮೇಲಿನ ಸುರುಳಿ ಏಣುಗಳ ನಡುವೆ ಏನಿದೆ ಎಂದು ಬೆಳಕಿನಲ್ಲಿ ನೋಡಿ. ಉದ್ದುದ್ದ ನಾರು ಸಿಕ್ಕಿಕೊಂಡಿದ್ದರೆ ಅದು ಪ್ಲೈವುಡ್ ಅಥವಾ ಗಟ್ಟಿ ಮರ, ಮತ್ತು ಸ್ಕ್ರೂವನ್ನು ಅತಿಯಾಗಿ ಬಿಗಿದಾಗ ನಾರು ಕತ್ತರಿಸಿದೆ. ರವೆಯಂಥ ಪುಡಿ ಉದುರಿದರೆ ಪಾರ್ಟಿಕಲ್ ಬೋರ್ಡ್. ನಯವಾದ ಕಂದು ಹಿಟ್ಟು ಉದುರಿದರೆ ಎಂಡಿಎಫ್. ಥ್ರೆಡ್ ಪೂರ್ತಿ ಶುಚಿಯಾಗಿದ್ದು ಹೊಳೆಯುತ್ತಿದ್ದರೆ ಪೈಲಟ್ ತೂತನ್ನೇ (ಸ್ಕ್ರೂ ಇಳಿಸುವ ಮೊದಲು ಕೊರೆದುಕೊಳ್ಳುವ ಸಣ್ಣ ದಾರಿತೂತು) ದೊಡ್ಡದಾಗಿ ಕೊರೆದಿದ್ದಾರೆ. ಸ್ಕ್ರೂ ಮೊದಲಿನಿಂದಲೂ ಏನನ್ನೂ ಕಚ್ಚಿಕೊಂಡಿರಲಿಲ್ಲ. ಕೆಂಪು ತುಕ್ಕಿದ್ದರೆ ನೀರಿನ ಜಾಡು ಹಿಡಿಯಬೇಕು. ತಲೆ ಮಾತ್ರ ಕೈಗೆ ಬಂದು ಉಳಿದರ್ಧ ಒಳಗೇ ಮುರಿದುಕೊಂಡಿದ್ದರೆ ಅದರ ಕಾರಣ ಬೇರೆ; ಅದನ್ನು ಮುಂದೆ ವಿವರಿಸಿದ್ದೇನೆ.

ಸ್ಕ್ರೂವಿನ ಅಳತೆಯನ್ನೂ ಆಗಲೇ ಬರೆದಿಟ್ಟುಕೊಳ್ಳಿ. ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಉದ್ದವನ್ನು ಮಿಲಿಮೀಟರಿನಲ್ಲೂ ದಪ್ಪವನ್ನು ನಂಬರಿನಲ್ಲೂ ಹೇಳುವುದು ರೂಢಿ. 35x8 ಎಂದರೆ 35 ಮಿ.ಮೀ. ಉದ್ದದ 8ನೇ ನಂಬರ್ ಸ್ಕ್ರೂ. ಕೆಲವು ಡಬ್ಬಿಗಳ ಮೇಲೆ ಇದು 8x35 ಎಂದು ಹಿಂದುಮುಂದಾಗಿ ಇರುತ್ತದೆ. ದೊಡ್ಡ ಅಂಕಿಯೇ ಉದ್ದ ಎಂದು ತಿಳಿದರೆ ಗೊಂದಲವಿಲ್ಲ. 6ನೇ ನಂಬರ್ ಎಂದರೆ ಸುಮಾರು 3.5 ಮಿ.ಮೀ. ದಪ್ಪ, 8 ಎಂದರೆ 4.2, 10 ಎಂದರೆ 4.8, ನಂಬರ್ ಏರಿದಂತೆ ದಪ್ಪ ಏರುತ್ತದೆ. ಹಳಬರು ಈಗಲೂ ಒಂದೂವರೆ ಇಂಚು, ಮುಕ್ಕಾಲು ಇಂಚು ಎಂದೇ ಕೇಳುತ್ತಾರೆ. ಅದು ಕ್ರಮವಾಗಿ 38 ಮತ್ತು 19 ಮಿ.ಮೀ.

ಗೋಡೆಯ ಕ್ಯಾಬಿನೆಟ್ ಮುಂದಕ್ಕೆ ವಾಲಿದ್ದರೆ, ಸ್ಕ್ರೂ ಮುರಿದಿದ್ದರೆ

ಇದನ್ನು ಮೊದಲು ಹೇಳುವುದಕ್ಕೆ ಕಾರಣವಿದೆ: ಉಳಿದ ದೋಷಗಳನ್ನು ವಾರದ ಮಟ್ಟಿಗೆ ಮುಂದೂಡಬಹುದು, ಇದನ್ನು ಒಂದು ದಿನವೂ ಮುಂದೂಡಬಾರದು. ಗೋಡೆಗೆ ತೂಗುಹಾಕಿದ ಕ್ಯಾಬಿನೆಟ್ಟಿನ ಮೇಲಂಚಿಗೂ ಗೋಡೆಗೂ ನಡುವೆ ಬೆಳಕು ಕಂಡರೆ, ಅಥವಾ ಬಾಗಿಲು ತೆರೆದಾಗ ಇಡೀ ಪೆಟ್ಟಿಗೆ ಸಣ್ಣಗೆ ಅಲುಗಿದರೆ, ಅದನ್ನು ಅಂದೇ ಖಾಲಿ ಮಾಡಿ, ಕೆಳಗಿನಿಂದ ಆಧಾರ ಕೊಟ್ಟು, ಒಬ್ಬರು ಹಿಡಿದುಕೊಂಡು ಇನ್ನೊಬ್ಬರು ಕಳಚಬೇಕು.

ಇಂಥ ಕಡೆ ಕಪ್ಪು ಸ್ಕ್ರೂ ಇದ್ದರೆ ಅದು ಬಹುಮಟ್ಟಿಗೆ ಜಿಪ್ಸಂ ಸ್ಕ್ರೂ. ಜಿಪ್ಸಂ ಹಾಳೆಯನ್ನು ತೆಳು ತಗಡಿನ ಚೌಕಟ್ಟಿಗೆ ಕೂರಿಸಲೆಂದು ಮಾಡಿರುವ ಈ ಸ್ಕ್ರೂವಿನ ಮೇಲ್ಮೈಯನ್ನು ಕಾಯಿಸಿ ಗಡಸು ಮಾಡಿರುತ್ತಾರೆ. ಮೊನೆ ಚೂಪು, ಮೈ ತೆಳು, ಬೆಲೆ ಕಡಿಮೆ. ಪೈಲಟ್ ತೂತಿಲ್ಲದೆ ಸರಸರನೆ ಇಳಿಯುವುದರಿಂದ ಕೆಲಸಗಾರರಿಗೆ ಇಷ್ಟ. ಆದರೆ ಗಡಸು ಹೆಚ್ಚಿದಷ್ಟೂ ಬಾಗುವ ಗುಣ ಕಡಿಮೆಯಾಗುತ್ತದೆ, ಮೇಲಿನಿಂದ ಕೆಳಕ್ಕೆ ಬೀಳುವ ಭಾರಕ್ಕೆ ಅದು ಬಾಗದೆ ನೇರವಾಗಿ ತುಂಡಾಗುತ್ತದೆ. ಇದನ್ನು ಪರೀಕ್ಷಿಸುವುದು ಸುಲಭ. ಸ್ಕ್ರೂವಿನ ಅರ್ಧವನ್ನು ವೈಸಿನಲ್ಲಿ ಕಚ್ಚಿಸಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು, ಮೇಲೆ ಉಳಿದ ಅರ್ಧವನ್ನು ಬಟ್ಟೆಯಿಂದ ಮುಚ್ಚಿ ಇಕ್ಕಳದಿಂದ ಬಗ್ಗಿಸಿ ನೋಡಿ. ಸಾಧಾರಣ ಉಕ್ಕಿನ ಮರದ ಸ್ಕ್ರೂ ನಿಧಾನವಾಗಿ ಕೊಕ್ಕೆಯಾಗುತ್ತದೆ. ಜಿಪ್ಸಂ ಸ್ಕ್ರೂ ಸ್ವಲ್ಪ ಬಾಗುವಷ್ಟರಲ್ಲಿ ಟಕ್ಕೆಂದು ಮುರಿಯುತ್ತದೆ, ಮುರಿದ ಜಾಗ ಸಕ್ಕರೆಯ ಹರಳಿನಂತೆ ಬೂದುಬಣ್ಣಕ್ಕೆ ಮಿನುಗುತ್ತದೆ. ಭಾರ ಹೊರುವ ಯಾವ ಜಾಗಕ್ಕೂ ಈ ಸ್ಕ್ರೂ ಸಲ್ಲದು ಎಂಬುದು ನನ್ನ ಖಚಿತ ಅಭಿಪ್ರಾಯ.

ಸ್ಕ್ರೂ ಮುರಿಯದೆ ಗೋಡೆಯಿಂದಲೇ ಕಿತ್ತುಬಂದಿದ್ದರೆ ಪ್ಲಗ್ಗಿನ, ಅಂದರೆ ಸ್ಕ್ರೂ ಕಚ್ಚಲೆಂದು ಗೋಡೆಯ ತೂತಿಗೆ ಕೂರಿಸುವ ಕೊಳವೆಯ ಕಡೆ ನೋಡಬೇಕು. ನಮ್ಮ ಭಾಗದ ಹಳೆಯ ಮನೆಗಳಲ್ಲಿ ಸೈಜುಗಲ್ಲಿನ ಗೋಡೆಗಳಿವೆ, ಅವುಗಳಲ್ಲಿ ಎಷ್ಟೋ ಗೋಡೆಗಳ ಸಂದಿಗೆ ತುಂಬಿರುವುದು ಮಣ್ಣು. ಡ್ರಿಲ್ ಸುಲಭವಾಗಿ ಇಳಿಯಿತೆಂದು ಆ ಸಂದಿಯಲ್ಲೇ ಪ್ಲಗ್ ಕೂರಿಸಿದರೆ ಅದು ನಿಲ್ಲುವುದಿಲ್ಲ. ಹ್ಯಾಮರ್ ಡ್ರಿಲ್ಲಿನಿಂದ ಕಲ್ಲಿಗೇ ತೂತು ಹೊಡೆಯಬೇಕು. ಇಟ್ಟಿಗೆ ಮತ್ತು ಸಿಮೆಂಟ್ ಬ್ಲಾಕಿನ ಗೋಡೆಗಳಲ್ಲಿ ಗಾರೆಯ ದಪ್ಪವನ್ನು ಲೆಕ್ಕಕ್ಕೆ ಹಿಡಿಯದಿರುವುದೇ ಸಾಮಾನ್ಯ ತಪ್ಪು. ಹಿಂದಿನ ಅಡ್ಡಪಟ್ಟಿ 18 ಮಿ.ಮೀ., ಗಾರೆ 12ರಿಂದ 15 ಮಿ.ಮೀ., ಅದರಾಚೆ ಗಟ್ಟಿ ಗೋಡೆಯೊಳಗೆ 40 ಮಿ.ಮೀ. ಆದರೂ ಸ್ಕ್ರೂ ಇಳಿಯಬೇಕು. ಒಟ್ಟು ಸೇರಿಸಿದರೆ 75x10 ಬೇಕಾಗುತ್ತದೆ. ಅಲ್ಲಿ 50 ಮಿ.ಮೀ. ಸ್ಕ್ರೂ ಸಿಕ್ಕಿದರೆ ಕಾರಣ ಸಿಕ್ಕಿದಂತೆಯೇ. ಇನ್ನು, 6 ಮಿ.ಮೀ. ಹಿಂಬದಿ ಹಾಳೆಗೇ ನೇರವಾಗಿ ಸ್ಕ್ರೂ ಹೊಡೆದು ತೂಗುಹಾಕಿದ್ದರೆ ಯಾವ ಸ್ಕ್ರೂ ಬದಲಿಸಿದರೂ ಪ್ರಯೋಜನವಿಲ್ಲ. ಎರಡು ಬದಿಹಲಗೆಗಳಿಗೆ ಸೇರಿಸಿದ 18 ಮಿ.ಮೀ. ಪ್ಲೈವುಡ್ ಅಡ್ಡಪಟ್ಟಿಯನ್ನು ಒಳಗೆ ಮೇಲ್ಭಾಗದಲ್ಲಿ ಕೂರಿಸಿ, ಭಾರವನ್ನು ಆ ಪಟ್ಟಿಯ ಮೇಲೆ ಹಾಕಬೇಕು.

ಬಾಗಿಲು ಜೋತುಬಿದ್ದರೆ

ಎಲ್ಲ ಜೋತುಬೀಳುವಿಕೆಯೂ ಸ್ಕ್ರೂವಿನ ದೋಷವಲ್ಲ. ಆಟೋ ಹಿಂಜಿನ (ಬಾಗಿಲನ್ನು ತಾನೇ ಎಳೆದು ಮುಚ್ಚುವ ಒಳಕೀಲು) ತೋಳಿನಲ್ಲಿರುವ ಹೊಂದಾಣಿಕೆ ಸ್ಕ್ರೂಗಳನ್ನು ಮೊದಲು ತಿರುಗಿಸಿ ನೋಡಿ. ಬಾಗಿಲು ಸರಿಯಾಗಿ ಕೂತು, ಕೆಲವು ದಿನ ಹಾಗೆಯೇ ನಿಂತರೆ ಕೆಲಸ ಮುಗಿಯಿತು. ಮತ್ತೆ ಇಳಿದರೆ, ಬಾಗಿಲನ್ನು ಅರ್ಧ ತೆರೆದು ಹಿಡಿಯ ಕಡೆಯಿಂದ ಮೆಲ್ಲಗೆ ಎತ್ತಿ ಇಳಿಸಿ, ಕಣ್ಣು ಹಿಂಜಿನ ಬುಡದ ಮೇಲಿರಲಿ. ಬದಿಹಲಗೆಯ ಮೇಲಿನ ಪ್ಲೇಟ್ ಕದಲಿದರೆ ದೋಷ ಅಲ್ಲಿದೆ. ಬಾಗಿಲಿನೊಳಗೆ ಕೂತಿರುವ 35 ಮಿ.ಮೀ. ಬಟ್ಟಲು ಕದಲಿದರೆ ದೋಷ ಬಾಗಿಲಿನಲ್ಲಿದೆ.

ಹಿಂಜಿಗೆ ಸಲ್ಲುವುದು 16x6. ಬಟ್ಟಲಿನ ಕಿವಿಯ ತೂತಿನಲ್ಲಿ ತಲೆ ಪೂರ್ತಿ ಮುಳುಗಿ ಕೂರಬೇಕು. 13 ಮಿ.ಮೀ. ಹಾಕಿದರೆ ಹಿಡಿತ ಸಾಲದು, 19 ಮಿ.ಮೀ. ಹಾಕಿದರೆ 18 ಮಿ.ಮೀ. ಬಾಗಿಲಿನ ಹೊರಮೈಯ ಸನ್ಮೈಕದ ತೀರಾ ಹತ್ತಿರಕ್ಕೆ ಮೊನೆ ಬರುತ್ತದೆ, ಮತ್ತು ಅಲ್ಲಿ ಒಂದು ಸಣ್ಣ ಉಬ್ಬು ಎದ್ದಿರುವುದನ್ನು ಬೆಳಕಿಗೆ ಓರೆಯಾಗಿ ನೋಡಿದರೆ ಕಾಣಬಹುದು.

ಪ್ಲೈವುಡ್ಡಿನಲ್ಲಿ ತೂತು ಸಡಿಲವಾಗಿದ್ದರೆ ದುರಸ್ತಿ ಸಾಧ್ಯ. ಬೆಂಕಿಕಡ್ಡಿ ತುರುಕಿ ಸ್ಕ್ರೂ ಬಿಗಿಯುವುದು ಎಲ್ಲರಿಗೂ ಗೊತ್ತಿರುವ ಉಪಾಯ. ಆದರೆ ಅಂಟಿಲ್ಲದ ಕಡ್ಡಿ ಪುಡಿಯಾಗುತ್ತದೆ, ಅದು ತಾತ್ಕಾಲಿಕ. ಸರಿಯಾದ ಕ್ರಮವೆಂದರೆ ಸಡಿಲ ತೂತನ್ನು 8 ಮಿ.ಮೀ. ಬಿಟ್ಟಿನಿಂದ, ಆಚೆ ಬದಿಗೆ ಹಾಯದಂತೆ ಬಿಟ್ಟಿಗೆ ಟೇಪಿನ ಗುರುತು ಕಟ್ಟಿಕೊಂಡು, ಅಗಲಿಸಿ, ಗಟ್ಟಿ ಮರದ 8 ಮಿ.ಮೀ. ಗೂಟಕ್ಕೆ ಮರದ ಅಂಟು ಸವರಿ ಹೊಡೆದು, ಒಂದು ದಿನ ಒಣಗಲು ಬಿಟ್ಟು, ಮೈಗೆ ಸಮವಾಗಿ ಕತ್ತರಿಸಿ, ನಡುವೆ 2 ಮಿ.ಮೀ. ಪೈಲಟ್ ತೂತು ಕೊರೆದು ಹೊಸ ಸ್ಕ್ರೂ ಹಾಕುವುದು.

ಪಾರ್ಟಿಕಲ್ ಬೋರ್ಡಿನಲ್ಲಿ ಮೊದಲು ಹಲಗೆಯ ಸ್ಥಿತಿಯನ್ನೇ ನಿರ್ಧರಿಸಬೇಕು. ವರ್ನಿಯರ್ ಕ್ಯಾಲಿಪರಿನಿಂದ ಕೆಟ್ಟ ಹಿಂಜಿನ ಹತ್ತಿರದ ದಪ್ಪವನ್ನೂ ಅದೇ ಹಲಗೆಯ ಮೇಲಿನ ಒಣ ಭಾಗದ ದಪ್ಪವನ್ನೂ ಅಳೆಯಿರಿ. ಎರಡೂ ಒಂದೇ ಇದ್ದರೆ ಮೇಲೆ ಹೇಳಿದ ಗೂಟದ ದುರಸ್ತಿ ನಡೆಯುತ್ತದೆ, ಅಥವಾ ಹಿಂಜನ್ನು ಒಂದೆರಡು ಇಂಚು ಸರಿಸಿ ಹೊಸ ಜಾಗದಲ್ಲಿ ಕೂರಿಸಬಹುದು. ಒಣ ಭಾಗ 18 ಇದ್ದು ಕೆಳಭಾಗ 20 ಮಿ.ಮೀ. ಆಗಿದ್ದರೆ ಬೋರ್ಡ್ ನೀರು ಕುಡಿದು ಉಬ್ಬಿದೆ, ಒಳಗಿನ ಚೂರುಗಳ ಬೆಸುಗೆ ಬಿಟ್ಟಿದೆ. ಅದು ಒಣಗಿದರೂ ಮೊದಲಿನಂತಾಗದು. ಅಲ್ಲಿ ದಪ್ಪ ಸ್ಕ್ರೂ, ಉದ್ದ ಸ್ಕ್ರೂ, ಗೂಟ ಯಾವುದೂ ನಿಲ್ಲುವುದಿಲ್ಲ, ಹಲಗೆಯನ್ನೇ ಬದಲಿಸಬೇಕು. ಮನೆಯವರಿಗೆ ಇದನ್ನು ಹೇಳಲು ಕೆಲಸಗಾರರು ಹಿಂಜರಿಯುತ್ತಾರೆ, ಖರ್ಚಿನ ಮಾತಾದ್ದರಿಂದ ಅದು ಸಹಜ. ಆದರೂ ಮೊದಲ ದಿನವೇ ಹೇಳಿದರೆ ಮೂರು ಸಲ ಕೂಲಿ ಕೊಡುವುದು ತಪ್ಪುತ್ತದೆ.

ಬಿಗಿದರೂ ಹಲಗೆಗಳ ನಡುವೆ ಸಂದಿ ಉಳಿದರೆ

ಅಡ್ಡಹಲಗೆಯ ಅಂಚಿಗೆ ಬದಿಹಲಗೆಯ ಮೂಲಕ ಸ್ಕ್ರೂ ಹೊಡೆಯುವಾಗ, ತಲೆ ಪೂರ್ತಿ ಇಳಿದರೂ ಎರಡರ ನಡುವೆ ಕಾಗದ ತೂರುವಷ್ಟು ಜಾಗ ಉಳಿಯುವುದುಂಟು. ಇನ್ನಷ್ಟು ಬಿಗಿದರೆ ಸಂದಿ ಮುಚ್ಚುವುದಿಲ್ಲ, ತೂತು ಕೆಡುತ್ತದೆ. ಕಾರಣ ಸರಳವಾಗಿದೆ: ತಲೆಯಿಂದ ಮೊನೆಯವರೆಗೂ ಥ್ರೆಡ್ ಇರುವ ಸ್ಕ್ರೂ ಎರಡೂ ಹಲಗೆಗಳನ್ನು ಏಕಕಾಲಕ್ಕೆ ಕಚ್ಚಿಕೊಂಡು ಒಂದೇ ವೇಗದಲ್ಲಿ ಮುಂದೆ ಸಾಗುವುದರಿಂದ, ಶುರುವಿನಲ್ಲಿ ಅವುಗಳ ನಡುವೆ ಎಷ್ಟು ಅಂತರವಿತ್ತೋ ಅಷ್ಟೇ ಅಂತರವನ್ನು ಕೊನೆಯವರೆಗೂ ಕಾಪಾಡುತ್ತದೆ. ಮೊದಲ ಹಲಗೆಯಲ್ಲಿ ಸ್ಕ್ರೂ ಸಲೀಸಾಗಿ ಹಾಯುವಂತಿರಬೇಕು, ಎರಡನೆಯದರಲ್ಲಿ ಮಾತ್ರ ಕಚ್ಚಬೇಕು; ಆಗ ತಲೆ ಮೊದಲ ಹಲಗೆಯನ್ನು ಎರಡನೆಯದರತ್ತ ಎಳೆದು ಕೂರಿಸುತ್ತದೆ. 8ನೇ ನಂಬರಿಗೆ ಮೊದಲ ಹಲಗೆಯಲ್ಲಿ 4.5 ಮಿ.ಮೀ. ತೂತು, ಎರಡನೆಯದರ ಅಂಚಿನಲ್ಲಿ 2.5ರಿಂದ 3 ಮಿ.ಮೀ. ಪೈಲಟ್ ತೂತು ಸಾಕು. ತಲೆಯ ಕೆಳಗೆ ಸ್ವಲ್ಪ ದೂರ ಥ್ರೆಡ್ ಇಲ್ಲದ ನುಣುಪು ಮೈಯಿರುವ ಸ್ಕ್ರೂ ಸಿಕ್ಕರೆ ಇನ್ನೂ ಒಳ್ಳೆಯದು. ಜೊತೆಗೆ ಜಿ ಕ್ಲಾಂಪ್ ಅಥವಾ ಉದ್ದ ಕ್ಲಾಂಪ್ ಹಾಕಿ ಹಲಗೆಗಳನ್ನು ಒತ್ತಿ ಹಿಡಿದೇ ಸ್ಕ್ರೂ ಇಳಿಸಬೇಕು.

ಅಂಚು ಸೀಳಿದರೆ

ಪ್ಲೈವುಡ್ಡಿನ ಅಂಚಿನಲ್ಲಿ ಪದರಗಳು ಬಾಯಿ ಬಿಟ್ಟಿದ್ದರೆ ಸ್ಕ್ರೂ ಪದರಗಳ ನಡುವೆ ಆಪಿನಂತೆ ನುಗ್ಗಿದೆ. ಇದಕ್ಕೆ ಮೂರು ಕಾರಣಗಳು ಒಟ್ಟೊಟ್ಟಿಗೇ ಇರುತ್ತವೆ: ಪೈಲಟ್ ತೂತಿಲ್ಲ, ಸ್ಕ್ರೂ ಅತಿ ದಪ್ಪ, ಮೂಲೆಗೆ ಅತಿ ಹತ್ತಿರ. 18 ಮಿ.ಮೀ. ಹಲಗೆಯ ಅಂಚಿನಲ್ಲಿ ತೂತು ಸರಿಯಾಗಿ ನಡುವೆ, ಅಂದರೆ 9 ಮಿ.ಮೀ.ಗೆ ಬರಬೇಕು, ಹಲಗೆಯ ತುದಿಯಿಂದ 40ರಿಂದ 50 ಮಿ.ಮೀ. ಒಳಗಿರಬೇಕು. ಕಣ್ಣಂದಾಜಿಗೆ ಬಿಡದೆ ಗುರುತುಗೀರು ಎಳೆದುಕೊಳ್ಳಿ. ಉದ್ದಕ್ಕೆ 50x8 ಸೂಕ್ತ, 18 ಮಿ.ಮೀ. ಬದಿಹಲಗೆ ದಾಟಿ 32 ಮಿ.ಮೀ. ಅಂಚಿನೊಳಗೆ ಇಳಿಯುತ್ತದೆ. ಇಲ್ಲಿ 35 ಮಿ.ಮೀ. ಹಾಕಿದರೆ ಅಂಚಿನೊಳಗೆ ಹೋಗುವುದು 17 ಮಿ.ಮೀ. ಮಾತ್ರ, ಮತ್ತು ಪಾರ್ಟಿಕಲ್ ಬೋರ್ಡಿನ ಅಂಚಿನ ಹಿಡಿತ ಅದರ ಮುಖದ ಹಿಡಿತಕ್ಕಿಂತ ಬಹಳ ಕಡಿಮೆಯಾದ್ದರಿಂದ, ಎಷ್ಟೋ ವಾರ್ಡ್‌ರೋಬುಗಳು ಬಿಚ್ಚಿಕೊಳ್ಳುವುದು ಇದೇ ಜಾಗದಲ್ಲಿ.

ಪಾರ್ಟಿಕಲ್ ಬೋರ್ಡ್ ಮತ್ತು ಎಂಡಿಎಫ್ ಅಂಚಿಗೆ ನಾನು ಶಿಫಾರಸು ಮಾಡುವುದು ಕನ್ಫರ್ಮ್ಯಾಟ್ ಸ್ಕ್ರೂ. 7x50 ಅಳತೆಯ (ಇಲ್ಲಿ 7 ಎಂಬುದು ನಂಬರಲ್ಲ, ಮಿ.ಮೀ. ದಪ್ಪ) ಈ ದಪ್ಪ ಸ್ಕ್ರೂವಿಗೆ ಮೊನೆಯಿಲ್ಲ, ಅಗಲವಾದ ಥ್ರೆಡ್ ಇದೆ, ಆರುಮೂಲೆಯ ಕೀಲಿಯಿಂದ ಬಿಗಿಯಬೇಕು. ಅಂಚಿನಲ್ಲಿ 5 ಮಿ.ಮೀ., ಬದಿಹಲಗೆಯಲ್ಲಿ 7 ಮಿ.ಮೀ. ತೂತು ಕಡ್ಡಾಯ, ಎರಡನ್ನೂ ಒಟ್ಟಿಗೆ ಕೊರೆಯುವ ಮೆಟ್ಟಿಲಿನಾಕಾರದ ಡ್ರಿಲ್ ಬಿಟ್ ಸಿಗುತ್ತದೆ. ತೂತಿಲ್ಲದೆ ಇದನ್ನು ಹೊಡೆದರೆ ಎಂಡಿಎಫ್ ಎರಡು ಹೋಳಾಗುತ್ತದೆ. ಆಗಲೇ ಸೀಳಿರುವ ಅಂಚನ್ನು ಉಳಿಸಿಕೊಳ್ಳಬೇಕಾದರೆ, ತೆಳು ಚಾಕುವಿನಿಂದ ಪದರ ಎತ್ತಿ ಅಂಟು ತುಂಬಿ, ಕ್ಲಾಂಪಿನಲ್ಲಿ ಒಂದು ರಾತ್ರಿ ಒತ್ತಿಟ್ಟು, ಹೊಸ ತೂತನ್ನು ಬೇರೆ ಜಾಗದಲ್ಲೇ ಕೊರೆಯಬೇಕು.

ಊರಿನ ಮರದ ಚೌಕಟ್ಟಿನಲ್ಲಿ ಸೀಳು ಕಂಡರೆ ಋತುವನ್ನೂ ಗಮನಿಸಬೇಕು. ತುಮಕೂರು, ಶಿರಾ, ಮಧುಗಿರಿ ಕಡೆ ಹೆಚ್ಚಿನ ಮಳೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಗಾಳಿ ಒಣಗಿರುತ್ತದೆ. ಮಳೆಗಾಲದಲ್ಲಿ ಕುಯ್ಯಿಸಿ, ಸರಿಯಾಗಿ ಒಣಗಿಸದೆ ಕ್ಯಾಬಿನೆಟ್ಟಿಗೆ ಸೇರಿಸಿದ ಬೇವು, ಹಲಸು, ನೀಲಗಿರಿ ಬೇಸಿಗೆಯಲ್ಲಿ ಅಡ್ಡಕ್ಕೆ ಕುಗ್ಗುತ್ತದೆ. ಎರಡು ಸ್ಕ್ರೂ ಅಡ್ಡಲಾಗಿ ಹಿಡಿದಿಟ್ಟಿರುವ ಅಗಲ ಹಲಗೆಗೆ ಕುಗ್ಗಲು ಜಾಗವಿಲ್ಲದಿದ್ದರೆ ಅದು ಸ್ಕ್ರೂವಿನ ಗೆರೆಯಲ್ಲೇ ಸೀಳುತ್ತದೆ. ಅಂಥ ಹಲಗೆಯಲ್ಲಿ ಒಂದು ಕಡೆಯ ತೂತನ್ನು ಅಡ್ಡಕ್ಕೆ ಉದ್ದನೆಯ ಸೀಳುತೂತಾಗಿ ಮಾಡಿ, ವಾಷರ್ ಇಟ್ಟು ಸ್ಕ್ರೂ ಹಾಕಿದರೆ ಮರ ಓಡಾಡಿಕೊಂಡಿರುತ್ತದೆ. ನೀಲಗಿರಿ ಮತ್ತು ಹಳೆಯ ತೇಗದಂಥ ಗಟ್ಟಿ ಮರಕ್ಕೆ ಪೈಲಟ್ ತೂತನ್ನು ಸ್ಕ್ರೂವಿನ ಥ್ರೆಡ್ ಬಿಟ್ಟ ಒಳಮೈಯಷ್ಟೇ ದಪ್ಪಕ್ಕೆ ಕೊರೆದು, ಥ್ರೆಡ್ಡಿಗೆ ಮೇಣ ಸವರಬೇಕು. ಸೋಪು ಸವರುವ ರೂಢಿಯಿದೆ. ಅದು ತೇವ ಹೀರಿ ತುಕ್ಕಿಗೆ ದಾರಿಯಾಗುತ್ತದೆ, ಮೇಣದಬತ್ತಿಯೇ ಉತ್ತಮ.

ಡ್ರಾಯರ್ ಅರ್ಧಕ್ಕೆ ನಿಂತರೆ

ಚಾನೆಲ್ (ಡ್ರಾಯರ್ ಜಾರುವ ಲೋಹದ ಹಳಿ) ಕೆಟ್ಟಿದೆ ಎಂದು ಹೊಸದನ್ನು ತರುವ ಮೊದಲು ಸ್ಕ್ರೂವಿನ ತಲೆಯನ್ನು ನೋಡಿ. ಡ್ರಾಯರನ್ನು ಹೊರಗೆ ತೆಗೆದು ಚಾನೆಲ್ಲಿನ ಒಳಗೆ ಬೆರಳಾಡಿಸಿದರೆ ತಗ್ಗಿನಲ್ಲಿ ಮುಳುಗದ ಒಂದು ತಲೆ ಬೆರಳಿಗೆ ತಗಲುತ್ತದೆ, ಅದರ ಮೇಲೆ ಉಜ್ಜಿದ ಹೊಳಪೂ ಕಾಣುತ್ತದೆ. ಜಾರುವ ಭಾಗ ಅದಕ್ಕೆ ಬಡಿದು ನಿಲ್ಲುತ್ತಿದೆ. ಅಲ್ಲಿ ಚಪ್ಪಟೆ ತಲೆಯ 16x6 ನೇರವಾಗಿ ಇಳಿಯಬೇಕು. ಓರೆಯಾಗಿ ಇಳಿದರೂ ತಲೆಯ ಒಂದು ಅಂಚು ಮೇಲೇಳುತ್ತದೆ. ಡ್ರಾಯರಿನ ಬದಿ 12 ಮಿ.ಮೀ. ಪ್ಲೈವುಡ್ ಆಗಿದ್ದರೆ 16 ಮಿ.ಮೀ. ಸ್ಕ್ರೂ ಒಳಗೆ ಮೊನೆ ಚಾಚಿ ಕೈಗೆ, ಬಟ್ಟೆಗೆ ತಾಗುತ್ತದೆ. ಅಲ್ಲಿ ಮಾತ್ರ 13 ಮಿ.ಮೀ. ಬಳಸಿ.

ತಲೆಯ ಗುರುತು ಸವೆದಿದ್ದರೆ

ಸ್ಕ್ರೂವಿನ ತಲೆಯ ಪ್ಲಸ್ ಗುರುತಿನಲ್ಲಿ ಎರಡು ಬಗೆಯಿದೆ. ಬರೀ ಪ್ಲಸ್ ಇದ್ದರೆ ಫಿಲಿಪ್ಸ್, ಪಿಎಚ್ 2 ಬಿಟ್ ಬೇಕು. ಪ್ಲಸ್ಸಿನ ಮೂಲೆಗಳ ನಡುವೆ ಇನ್ನೂ ನಾಲ್ಕು ಸಣ್ಣ ಗೀರುಗಳಿದ್ದರೆ ಪೋಜಿಡ್ರೈವ್, ಪಿಝಡ್ 2 ಬಿಟ್ ಬೇಕು. ಒಂದಕ್ಕೆ ಇನ್ನೊಂದನ್ನು ಹಾಕಿದರೆ ಕೂತಂತೆ ಕಂಡರೂ ಬಲ ಬಿದ್ದಾಗ ಜಾರಿ ಮೇಲೇಳುತ್ತದೆ. ಬ್ಯಾಟರಿ ಡ್ರಿಲ್ಲಿನ ಕತ್ತಿನಲ್ಲಿರುವ ನಂಬರಿನ ಉಂಗುರವನ್ನು ಕಡಿಮೆಗೆ ಇಟ್ಟು, ಕೊನೆಯ ಎರಡು ಸುತ್ತನ್ನು ಕೈಯಿಂದ ಬಿಗಿದರೆ ತಲೆಯೂ ಉಳಿಯುತ್ತದೆ, ಬೋರ್ಡಿನ ತೂತೂ ಉಳಿಯುತ್ತದೆ.

ಸಿಂಕ್ ಕೆಳಗಿನ ತುಕ್ಕು

ನಮ್ಮಲ್ಲಿ ಹೆಚ್ಚಿನ ಮನೆಗಳಿಗೆ ಬರುವುದು ಬೋರ್‌ವೆಲ್ಲಿನ ಗಡಸು ನೀರು. ಸಿಂಕಿನ ಪೈಪಿನ ಜೋಡಣೆಯಲ್ಲಿ ಸಣ್ಣಗೆ ಜಿನುಗಿ ಒಣಗಿದ ನೀರು ಬಿಳಿಯ ಉಪ್ಪಿನ ಗೆರೆ ಬಿಟ್ಟಿರುತ್ತದೆ. ಆ ಗೆರೆಯನ್ನು ಹಿಡಿದು ಮೇಲಕ್ಕೆ ಹೋದರೆ ಸೋರುವ ಜಾಗ ಸಿಗುತ್ತದೆ. ಗೆರೆಯೇ ಇಲ್ಲದೆ ಹಿಂಜು, ಚಾನೆಲ್, ಸ್ಕ್ರೂ ಮೂರೂ ಒಟ್ಟಿಗೆ ಕೆಂಪಾಗಿದ್ದರೆ ಒಳಗೆ ಟೈಲ್ಸ್ ತೊಳೆಯುವ ಆ್ಯಸಿಡ್ ಬಾಟಲಿ ಇದೆಯೇ ಎಂದು ನೋಡಿ. ಮುಚ್ಚಳ ಹಾಕಿದ್ದರೂ ಅದರಿಂದ ಏಳುವ ಆವಿ ಮುಚ್ಚಿದ ಕ್ಯಾಬಿನೆಟ್ಟಿನೊಳಗೆ ಸತುವಿನ ಲೇಪವನ್ನು ತಿಂದುಹಾಕುತ್ತದೆ, ಸ್ಟೇನ್‌ಲೆಸ್ ಸ್ಟೀಲಿಗೂ ಕಲೆ ಹಿಡಿಸುತ್ತದೆ. ಬಾಟಲಿಯನ್ನು ಹೊರಗೆ ಇಡದ ಹೊರತು ಎಷ್ಟು ಒಳ್ಳೆಯ ಸ್ಕ್ರೂ ಹಾಕಿದರೂ ಅದೇ ಕಥೆ.

ಕಪ್ಪು ಜಿಪ್ಸಂ ಸ್ಕ್ರೂವಿನ ಫಾಸ್ಫೇಟ್ ಲೇಪ ಇಲ್ಲಿ ಬೇಗ ಸೋಲುತ್ತದೆ. ಸಿಂಕ್ ಇರುವ ಪೆಟ್ಟಿಗೆಗೆ 304 ದರ್ಜೆಯ ಸ್ಟೇನ್‌ಲೆಸ್ ಸ್ಕ್ರೂವನ್ನೇ ಕೇಳಿ ತರಬೇಕು. ಅಯಸ್ಕಾಂತ ಹಿಡಿದಾಗ ಗಟ್ಟಿಯಾಗಿ ಅಂಟಿಕೊಂಡರೆ ಅದು 304 ಆಗಿರುವ ಸಾಧ್ಯತೆ ಕಡಿಮೆ. 304 ಅಂಟುವುದೇ ಇಲ್ಲ, ಇಲ್ಲವೇ ಅತಿ ಸಣ್ಣಗೆ ಎಳೆಯುತ್ತದೆ. ಈ ಸ್ಕ್ರೂ ಗಡಸು ಉಕ್ಕಿನದಕ್ಕಿಂತ ಮೆದುವಾದ್ದರಿಂದ ಪೈಲಟ್ ತೂತಿಲ್ಲದೆ ಬಿಗಿದರೆ ತಲೆ ತಿರುಚಿಕೊಳ್ಳುತ್ತದೆ. ಗಟ್ಟಿ ಮರವಾದರೆ ಅದೇ ಅಳತೆಯ ಉಕ್ಕಿನ ಸ್ಕ್ರೂವನ್ನು ಒಮ್ಮೆ ಇಳಿಸಿ ತೆಗೆದು, ದಾರಿ ಮಾಡಿಕೊಂಡ ಮೇಲೆ ಸ್ಟೇನ್‌ಲೆಸ್ ಹಾಕಿ. ಜಾಲಿಯಂಥ ಒಗರಿನ ಮರದಲ್ಲಿ ಸ್ಕ್ರೂವಿನ ಸುತ್ತ ಕಪ್ಪು ಕಲೆ ಹರಡಿದ್ದರೆ ಅದು ಮರ ಕೊಳೆತದ್ದಲ್ಲ, ತೇವದಲ್ಲಿ ಕಬ್ಬಿಣವೂ ಮರದ ಒಗರೂ ಸೇರಿ ಆದ ಬಣ್ಣ; ಸ್ಕ್ರೂ ಬದಲಿಸಿದರೆ ಕಲೆ ಬೆಳೆಯುವುದು ನಿಲ್ಲುತ್ತದೆ. ಹೊಸ ಸ್ಕ್ರೂ ಹಾಕುವ ಮೊದಲು ತೂತಿನೊಳಗೂ ಬೋರ್ಡಿನ ಕತ್ತರಿಸಿದ ಬರಿಯ ಅಂಚಿಗೂ ಒಂದು ಹನಿ ಮರದ ಅಂಟನ್ನೋ ವಾರ್ನಿಶನ್ನೋ ಸವರಿ ಒಣಗಿಸಿ. ಪೈಪಿನ ಸೋರಿಕೆ ನಿಂತಿದೆಯೇ ಎಂದು ಎರಡು ದಿನ ಒಣಬಟ್ಟೆ ಹಾಸಿ ನೋಡಿ, ಬಟ್ಟೆ ಒಣಗಿಯೇ ಇದ್ದರೆ ಮಾತ್ರ ಬಾಗಿಲನ್ನು ಮತ್ತೆ ಕೂರಿಸಿ.